ಕಾಲಿನಲ್ಲಿ ಚರೆ ಬಿಟ್ಟಿದ್ದಾರೆ, ಗಾಯ ಹೊಲಿದಿಲ್ಲ: ಇದು ಸರಿಯಾದ ಚಿಕಿತ್ಸೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಗದ್ದೆಯ ಅಟ್ಟಣೆಯಿಂದ ಇಳಿಯುವಾಗ ಕೋವಿ ಕೈಜಾರಿ ಈಡು ಹಾರಿದೆ, ನಿಮ್ಮ ಭಾವನ ಮೀನಖಂಡಕ್ಕೆ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಹೊಕ್ಕಿದೆ. ಆಸ್ಪತ್ರೆಯಲ್ಲಿ ಗಾಯ ತೊಳೆದು ಸತ್ತ ಮಾಂಸ ತೆಗೆದಿದ್ದಾರೆ, ಆದರೆ ಒಂಬತ್ತು ಚರೆ ಒಳಗೇ ಇದೆ, ಹೊಲಿಗೆಯೂ ಹಾಕಿಲ್ಲ. "ಗುಂಡು ತೆಗೆಯದವರು ಎಂಥ ಡಾಕ್ಟರು, ಮಂಗಳೂರಿಗೆ ಕರ್ಕೊಂಡು ಹೋಗಿ" ಅಂತ ಮನೆಯ ಹಿರಿಯರು ಒತ್ತಾಯ ಮಾಡ್ತಿದ್ದಾರೆ. ಇಂದಿಗೆ ಮೂರನೇ ದಿನ. ಮೇಲಿಂದ ಪೊಲೀಸರು ಬೇರೆ ಬಂದು ಹೇಳಿಕೆ ತೆಗೆದುಕೊಂಡು ಹೋದರು ಎಂದು ಬರೆದಿದ್ದೀರಿ.

ನಾನು ಸರ್ಜನ್. ನೌಕರಿಯ ಹೆಚ್ಚಿನ ವರ್ಷ ಕೊಡಗಿನಲ್ಲೇ ಕಳೆದು ಈಗ ನಿವೃತ್ತನಾಗಿದ್ದೇನೆ. ನೀವು ಬರೆದಷ್ಟನ್ನು ನಂಬಿ ಹೇಳುವುದಾದರೆ, ಭಾವನನ್ನು ನೋಡಿದ ವೈದ್ಯರು ಸರಿಯಾಗಿಯೇ ಮಾಡಿದ್ದಾರೆ. ಹಿರಿಯರಿಗೆ ಇದನ್ನು ಸಮಾಧಾನದಿಂದ ತಿಳಿಸಿ. ಗುಂಡೇಟಿಗೆ ಚಿಕಿತ್ಸೆ ಅಂದರೆ ಗುಂಡು ಹೊರಗೆ ತೆಗೆಯುವುದು ಅಂತ ನಾವೆಲ್ಲ ಸಿನಿಮಾ ನೋಡಿ ಕಲಿತಿದ್ದೇವೆ. ಗುಂಡು ಕೆಡುಕು ಮಾಡುವುದು ದೇಹದೊಳಗೆ ಓಡುವಾಗ. ನಿಂತ ಮೇಲೆ ಅದು ಬಹುಮಟ್ಟಿಗೆ ಬರೀ ಸೀಸದ ತುಂಡು. ಮಾಂಸಖಂಡದಲ್ಲಿ ಕುಳಿತ ಚರೆಯ ಸುತ್ತ ದೇಹವೇ ಕೆಲವು ವಾರಗಳಲ್ಲಿ ನಾರಿನ ಗೂಡು ಕಟ್ಟಿಬಿಡುತ್ತದೆ. ಒಂಬತ್ತನ್ನೂ ಹುಡುಕಿ ತೆಗೆಯಲು ಹೊರಟರೆ ಚರೆ ಹರಿದದ್ದಕ್ಕಿಂತ ಹೆಚ್ಚು ಮಾಂಸ, ನರ, ರಕ್ತನಾಳಗಳನ್ನು ನಾವೇ ಹರಿಯಬೇಕಾಗುತ್ತದೆ.

ತೆಗೆಯಲೇಬೇಕಾದ ಜಾಗಗಳೂ ಇವೆ. ಕೀಲಿನೊಳಗೆ ಸೀಸ ಉಳಿಯಬಾರದು. ಕೀಲಿನ ನೀರು ಸೀಸವನ್ನು ಕರಗಿಸುತ್ತದೆ, ಕೀಲೂ ಹಾಳು, ಸೀಸ ರಕ್ತಕ್ಕೂ ಸೇರುತ್ತದೆ. ಕಣ್ಣಿನೊಳಗೆ, ಬೆನ್ನುಹುರಿಯ ಕಾಲುವೆಯೊಳಗೆ, ನರಕ್ಕೋ ದೊಡ್ಡ ರಕ್ತನಾಳಕ್ಕೋ ಒತ್ತಿಕೊಂಡಿದ್ದರೂ ಅದರ ಬಗ್ಗೆ ಬೇರೆ ಯೋಚನೆ ಮಾಡುತ್ತೇವೆ. ಚರ್ಮದ ಕೆಳಗೇ ಕೈಗೆ ಸಿಗುವ ಚರೆಯನ್ನು ಆಮೇಲೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಐದು ನಿಮಿಷದಲ್ಲಿ ತೆಗೆಯಬಹುದು. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ "ಯಾಕೆ ತೆಗೆದಿಲ್ಲ" ಅಂತ ಅಲ್ಲ, "ಮೊಣಕಾಲಿನ ಅಥವಾ ಪಾದದ ಕೀಲಿನೊಳಗೆ ಒಂದಾದರೂ ಇದೆಯಾ" ಅಂತ. ಎದುರಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ನೋಡಿದರೆ ಗೊತ್ತಾಗುತ್ತದೆ.

ಹೊಲಿಗೆ ಹಾಕದ ಕಾರಣ ನಮ್ಮ ಕೋವಿಯಲ್ಲೇ ಇದೆ. ಕೈಯಳತೆಯ ದೂರದಿಂದ ಹಾರಿದ ಈಡಿನಲ್ಲಿ ಚರೆ ಚದುರುವುದಿಲ್ಲ, ಒಂದೇ ಮುದ್ದೆಯಾಗಿ ನುಗ್ಗುತ್ತದೆ. ಅದರ ಹಿಂದೆಯೇ ತೋಟಾದೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆ, ಪ್ಯಾಂಟಿನ ಬಟ್ಟೆ, ಗದ್ದೆಯ ಕೆಸರು ಎಲ್ಲ ಒಳಗೆ ಹೋಗುತ್ತವೆ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯಾದರೆ ಮದ್ದಿನ ಮೇಲೆ ಜಡಿದ ತೆಂಗಿನ ನಾರೂ ಸೇರುತ್ತದೆ. ಇವು ಯಾವುವೂ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಗುಂಡು ಬಿಸಿಯಾಗಿರುತ್ತದೆ, ಕ್ರಿಮಿ ಸುಟ್ಟುಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಸುಳ್ಳು. ಇಂಥ ಗಾಯವನ್ನು ಮೊದಲ ದಿನವೇ ಹೊಲಿದು ಮುಚ್ಚಿದರೆ ಕೀವು ಹೊರಬರಲು ದಾರಿಯಿಲ್ಲದೆ ಧನುರ್ವಾಯು, ಮಾಂಸ ಕೊಳೆಸುವ ಗ್ಯಾಂಗ್ರಿನ್‌ಗಳಿಗೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ. ಅದಕ್ಕೇ ತೊಳೆದು, ತೆರೆದಿಟ್ಟು, ನಾಲ್ಕೈದನೇ ದಿನ ಗಾಯ ಕೆಂಪಗೆ ಶುಚಿಯಾಗಿದ್ದರೆ ಆಗ ಹೊಲಿಯುತ್ತೇವೆ.

ಇಷ್ಟಕ್ಕೆ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ಇದನ್ನು ಕೊಡಗಿನ ಬೇರೆ ಮನೆಗಳವರೂ ಓದುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಹುತ್ತರಿಗೆ ಕದಿರು ಕೊಯ್ಯುವಾಗ ಒಂದು, ಆಯುಧ ಹಬ್ಬ ಕೈಲ್‌ಪೊಳ್ದಿಗೆ ಕೋವಿಗೆ ಹೂ ಮುಡಿಸಿ ಪೂಜೆ. ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ. ಕೋವಿ ಇಷ್ಟು ಹತ್ತಿರವಿರುವ ಊರಲ್ಲಿ ಗುಂಡೇಟಿನ ಮೊದಲ ಹತ್ತು ನಿಮಿಷ ಏನು ಮಾಡಬೇಕೆಂದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಯಾಕೆಂದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಅದಕ್ಕಿಂತ ಹೆಚ್ಚು, ಅದೂ ಸಂಪಾಜೆ ಘಾಟಿ ಇಳಿದು. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ಆ ದಾರಿಯೇ ಇರಲಿಲ್ಲ. ಮಡಿಕೇರಿಯಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ, ಆದರೂ ತೋಟದೊಳಗಿನ ಕೂಲಿಕಾರರ ಲೈನ್‌ಮನೆಯಿಂದ ಟಾರು ರಸ್ತೆಗೆ ಬರಲು ಬೇಕಾಗುವ ಹೊತ್ತನ್ನು ಯಾವ ಕಾಲೇಜೂ ಕಡಿಮೆ ಮಾಡಲಾರದು.

ದೊಡ್ಡವರ ಮೈಯಲ್ಲಿ ಇರುವ ರಕ್ತ ಸುಮಾರು 5 ಲೀಟರ್. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗುವಷ್ಟು ರಕ್ತ ಸುರಿಯಬಹುದು. ಆದ್ದರಿಂದ ಮೊದಲ ಕೆಲಸ ಕೈಯಲ್ಲಿ ಒತ್ತುವುದು. ಶುದ್ಧ ಬಟ್ಟೆ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ತೊಟ್ಟ ಅಂಗಿ. ಮೈಭಾರ ಹಾಕಿ ಒತ್ತಬೇಕು, ನಿಂತಿತಾ ಅಂತ ನಡುನಡುವೆ ಎತ್ತಿ ನೋಡಬಾರದು. ಗುಂಡಿ ಆಳವಾಗಿದ್ದರೆ, ತೊಡೆಸಂದಿನಲ್ಲೋ ಕಂಕುಳಲ್ಲೋ ಇದ್ದರೆ, ಬಟ್ಟೆಯನ್ನು ಬೆರಳಿನಿಂದ ಗಾಯದ ತಳದವರೆಗೆ ತುರುಕಿ ಅದರ ಮೇಲೆ ಒತ್ತಿ ಹಿಡಿಯಬೇಕು. ಎದೆಗೆ, ಹೊಟ್ಟೆಗೆ ಹೀಗೆ ತುರುಕಬಾರದು.

ಕೈಕಾಲಿನಲ್ಲಿ ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ ಬಿಗಿಕಟ್ಟು ಹಾಕಲೇಬೇಕು. ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲಲ್ಲ. ಬಟ್ಟೆ ಎರಡು ಬೆರಳಿಗಿಂತ ಅಗಲ ಇರಲಿ. ನಡುವಿಗೆ ಸುತ್ತುವ ಚೇಲೆ ಇದಕ್ಕೆ ಚೆನ್ನಾಗಿ ಒದಗುತ್ತದೆ. ಗೋಣಿದಾರ, ತಂತಿ ಕಟ್ಟಿದರೆ ಚರ್ಮ, ನರ ಕತ್ತರಿಸಿಹೋಗುತ್ತದೆ. ಗಂಟಿನೊಳಗೆ ಗಟ್ಟಿ ಕೋಲು ತೂರಿಸಿ, ರಕ್ತ ಪೂರ್ತಿ ನಿಲ್ಲುವ ತನಕ ತಿರುಚಿ ಕಟ್ಟಿ. ತುಂಬಾ ನೋವಾಗುತ್ತದೆ, ಆಗಲಿ. ಅರೆಬರೆ ಬಿಗಿದ ಕಟ್ಟು ರಕ್ತಸ್ರಾವವನ್ನು ಇನ್ನೂ ಹೆಚ್ಚಿಸುತ್ತದೆ. ಕಟ್ಟಿದ ಹೊತ್ತನ್ನು ಬರೆದಿಡಿ, ದಾರಿಯಲ್ಲಿ ಸಡಿಲಿಸಬೇಡಿ. ಗಾಯಕ್ಕೆ ಕಾಫಿಪುಡಿ, ಅರಿಶಿನ ತುಂಬಬೇಡಿ. ಅದನ್ನು ಕೆರೆದು ತೆಗೆಯುವುದರಲ್ಲೇ ನಮ್ಮ ಅರ್ಧ ಗಂಟೆ ಹೋಗುತ್ತದೆ. ಕಂಬಳಿ ಹೊದಿಸಿ ಬೆಚ್ಚಗಿಡಿ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ನಮ್ಮ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. 108ಕ್ಕೆ ಕರೆ ಹೋಗದಿದ್ದರೆ ಇರುವ ಜೀಪಿನಲ್ಲೇ ಹೊರಡಿ.

ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಾಫಿಗಿಡದ ಮೊಂಡು ಚುಚ್ಚಿಸಿಕೊಂಡವರ ವಿಷಯದಲ್ಲಿ ಒಂದೇ ಎಚ್ಚರ: ಚುಚ್ಚಿದ್ದನ್ನು ಕೀಳಬೇಡಿ. ಗಿಡದ ಕಡೆಯಿಂದ ಗರಗಸದಲ್ಲಿ ಕೊಯ್ದು, ಮೊಂಡು ಅಲ್ಲಾಡದಂತೆ ಸುತ್ತ ಬಟ್ಟೆ ಕಟ್ಟಿ ಹಾಗೆಯೇ ಕರೆತನ್ನಿ.

ಇನ್ನು ಪೊಲೀಸರ ವಿಷಯ. ಗುಂಡೇಟು ಯಾರಿಗೇ ಆಗಲಿ, ಹೇಗೇ ಆಗಲಿ, ಆಸ್ಪತ್ರೆ ಅದನ್ನು ಮೆಡಿಕೋಲೀಗಲ್, ಅಂದರೆ ಕಾನೂನಿಗೂ ಸಂಬಂಧಿಸಿದ ಪ್ರಕರಣ, ಎಂದು ದಾಖಲಿಸಿ ಠಾಣೆಗೆ ತಿಳಿಸಲೇಬೇಕು. ಅದು ನಿಮ್ಮ ಮೇಲಿನ ಅನುಮಾನವಲ್ಲ. ಆದರೆ ಚಿಕಿತ್ಸೆ ಅದಕ್ಕಾಗಿ ಕಾಯಬೇಕಾಗಿಲ್ಲ. ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ: ಸರ್ಕಾರಿಯಾಗಲಿ ಖಾಸಗಿಯಾಗಲಿ, ಮೊದಲು ಜೀವ ಉಳಿಸುವುದು, ಕಾಗದಪತ್ರ ಆಮೇಲೆ.

ಹಾಗಾಗಿ ಪೊಲೀಸರಿಗೆ ಹೆದರಿ ವೈದ್ಯರಿಂದ ನಿಜ ಮುಚ್ಚಿಡಬೇಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಬಹಳ ವರ್ಷಗಳ ಹಿಂದೆ ಒಂದು ರಾತ್ರಿ ಇಪ್ಪತ್ತರ ಆಸುಪಾಸಿನ ಹುಡುಗನನ್ನು ಮೂವರು ಹೊತ್ತು ತಂದರು. ತೊಡೆಸಂದಿನ ಹತ್ತಿರ ಬೆರಳಗಲದ ಒಂದು ಗಾಯ. "ಕಾಫಿ ಮೊಂಡಿನ ಮೇಲೆ ಬಿದ್ದ ಡಾಕ್ಟ್ರೇ" ಅಂದರು. ಹೊರಗೆ ರಕ್ತ ಹೆಚ್ಚಿರಲಿಲ್ಲ. ನಾನು ಅವರ ಮಾತು ನಂಬಿ ಮುಕ್ಕಾಲು ಗಂಟೆ ಮರದ ಚೂರು ಹುಡುಕುತ್ತಾ ಕೂತೆ. ನಾಡಿ ಏರುತ್ತಾ, ರಕ್ತದೊತ್ತಡ ಇಳಿಯುತ್ತಾ ಹೋದಾಗ ಎಕ್ಸ್‌ರೇ ತೆಗೆಸಿದೆ. ಕಿಬ್ಬೊಟ್ಟೆಯ ಮೂಳೆಗಳ ನಡುವೆ ನಾಲ್ಕು ಬಿಳಿ ಚುಕ್ಕಿ. ಶಿಕಾರಿಗೆ ಹೋಗಿದ್ದರು. ವನ್ಯಜೀವಿ ಕಾಯ್ದೆಯ ಕೇಸಿಗೆ ಹೆದರಿ ಸುಳ್ಳು ಹೇಳಿದ್ದರು. ಚರೆ ಮೇಲಕ್ಕೆ ಹೋಗಿ ಒಳಗಿನ ರಕ್ತನಾಳ ಹರಿದಿತ್ತು. ಆಗ ನಮ್ಮಲ್ಲಿ ಕೊಡಲು ಅವನ ಗುಂಪಿನ ರಕ್ತ ಒಂದೇ ಬಾಟಲಿ ಇತ್ತು. ಮೈಸೂರಿಗೆ ಕಳಿಸಿದೆವು, ಹುಣಸೂರು ದಾಟುವ ಮೊದಲೇ ತೀರಿಕೊಂಡ. ಆ ಮುಕ್ಕಾಲು ಗಂಟೆ ನನ್ನನ್ನು ಈಗಲೂ ಕಾಡುತ್ತದೆ. ಅವರು ನಿಜ ಹೇಳಬೇಕಿತ್ತು, ನಾನು ಮೊದಲೇ ಎಕ್ಸ್‌ರೇ ತೆಗೆಸಬೇಕಿತ್ತು. ದಯವಿಟ್ಟು ವೈದ್ಯರಿಗೆ ನಿಜ ಹೇಳಿ: ಯಾವ ಕೋವಿ, ಎಷ್ಟು ದೂರದಿಂದ, ಎಷ್ಟು ಈಡು, ಎಷ್ಟು ಹೊತ್ತಾಯಿತು.

ಹೊರಗಿನ ತೂತು ಒಳಗಿನ ಕತೆ ಹೇಳುವುದಿಲ್ಲ. ಅದಕ್ಕೇ ನಾವು ಬಟ್ಟೆ ಪೂರ್ತಿ ಕಳಚಿ ಬೆನ್ನು, ಕಂಕುಳು, ತೊಡೆಸಂದು ಎಲ್ಲ ಹುಡುಕುತ್ತೇವೆ. ಪ್ರತಿ ತೂತಿನ ಪಕ್ಕ ಒಂದು ಪೇಪರ್ ಕ್ಲಿಪ್ ಅಂಟಿಸಿ ಎಕ್ಸ್‌ರೇ ತೆಗೆಯುತ್ತೇವೆ, ಗುಂಡು ಎಲ್ಲಿಂದ ಎಲ್ಲಿಗೆ ಹೋಗಿರಬಹುದೆಂದು ಅಂದಾಜಾಗುತ್ತದೆ. ಮೊಲೆತೊಟ್ಟಿಗಿಂತ ಕೆಳಗಿನ ಎದೆಗಾಯವನ್ನು ಹೊಟ್ಟೆಯ ಗಾಯವೆಂದೂ ನೋಡಬೇಕು, ಉಸಿರು ಬಿಟ್ಟಾಗ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆ ಅಷ್ಟು ಮೇಲಕ್ಕೆ ಬರುತ್ತದೆ. ಎದೆಯ ಗಾಯಗಳಲ್ಲಿ ಹೆಚ್ಚಿನವಕ್ಕೆ ಪಕ್ಕೆಲುಬುಗಳ ನಡುವೆ ನಳಿಕೆ ಹಾಕಿ ಗಾಳಿ, ರಕ್ತ ಹೊರಗೆ ಬಿಟ್ಟರೆ ಸಾಕು. ಆದರೆ ನಳಿಕೆ ಹಾಕಿದ ಕೂಡಲೇ ಒಂದೂವರೆ ಲೀಟರ್ ರಕ್ತ ಬಂದರೆ ಎದೆ ತೆರೆಯಬೇಕಾಗುತ್ತದೆ. ಹೊಟ್ಟೆಗೆ ಗುಂಡು ಹೊಕ್ಕು ರಕ್ತದೊತ್ತಡ ಇಳಿಯುತ್ತಿದ್ದರೆ ಸ್ಕ್ಯಾನಿಂಗ್‌ಗೆ ಅಂತ ಕಾಯದೆ ಆಪರೇಷನ್ ಥಿಯೇಟರ್‌ಗೇ ಹೋಗಬೇಕು. ಅಲ್ಲಿಯ ತನಕ ಬಾಟಲಿಗಟ್ಟಲೆ ಸಲೈನ್ ಏರಿಸಿದರೆ ರಕ್ತ ತೆಳ್ಳಗಾಗಿ ಹೆಪ್ಪು ಕಿತ್ತುಬರುತ್ತದೆ. ರಕ್ತಕ್ಕೆ ರಕ್ತವೇ ಮದ್ದು. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್ ಇದೆ. ಸುಮಾರು 20,000 ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಅದು ಸಾವನ್ನು ಕಡಿಮೆ ಮಾಡುತ್ತದೆ ಎಂದು ತೋರಿಸಿತು. ಗಾಯವಾದ ಮೂರು ಗಂಟೆಯೊಳಗೆ ಕೊಡಬೇಕು. ಮೈಸೂರಿಗೆ ಕಳಿಸುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲೇ ಕೊಟ್ಟು ಕಳಿಸಬಹುದು, ಕಳಿಸಬೇಕು.

ಈಗ ನಿಮ್ಮ ಭಾವನ ಕಾಲಿಗೆ ಬರುತ್ತೇನೆ. ನಾಳೆ ಡ್ರೆಸ್ಸಿಂಗಿಗೆ ಹೋದಾಗ ಪಾದದ ನಾಡಿ ಎರಡೂ ಕಾಲಲ್ಲಿ ಒಂದೇ ಥರ ಸಿಗುತ್ತದೆಯೇ ಎಂದು ಕೇಳಿ. ಧನುರ್ವಾಯು ಇಂಜೆಕ್ಷನ್ ಆಗಿದೆಯೇ ಎಂದು ಚೀಟಿ ನೋಡಿ. ಗಾಯಕ್ಕೆ ಮೀರಿದ ನೋವು, ಕಾಲ್ಬೆರಳು ಮೇಲಕ್ಕೆ ಎಳೆದರೆ ಕಿರುಚುವಂತಾಗುವುದು, ಮೀನಖಂಡ ಕಲ್ಲಿನಂತೆ ಬಿಗಿಯುವುದು, ಪಾದ ಜೋಮು ಹಿಡಿಯುವುದು, ಕೆಟ್ಟ ವಾಸನೆ, ಚಳಿಜ್ವರ, ಇವುಗಳಲ್ಲಿ ಒಂದು ಕಂಡರೂ ನಾಳೆಯವರೆಗೆ ಕಾಯಬೇಡಿ, ರಾತ್ರಿಯೇ ಹೋಗಿ. ಕೆಲವು ವಾರಗಳ ನಂತರ ಗಾಯದ ಮೇಲೆ ಕೈಯಿಟ್ಟಾಗ ಜೇನುಗೂಡಿನಂತೆ ಝುಮ್ಮೆನ್ನುವ ಮಿಡಿತ ಸಿಕ್ಕಿದರೆ ರಕ್ತನಾಳದ ಪರೀಕ್ಷೆ ಆಗಬೇಕು, ಆಗ ಮಂಗಳೂರಿಗೋ ಮೈಸೂರಿಗೋ ಹೋಗಿ. ಮುಂದೆ ಎಂದಾದರೂ ಎಂಆರ್‌ಐ ಮಾಡಿಸುವಾಗ ಕಾಲಲ್ಲಿ ಚರೆ ಇರುವುದನ್ನು ಮೊದಲೇ ಹೇಳಬೇಕು, ಎಲ್ಲ ಚರೆಯೂ ಸೀಸದ್ದಾಗಿರುವುದಿಲ್ಲ. ಈಗಿನ ಎಕ್ಸ್‌ರೇ ಫಿಲ್ಮನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಂದು ತೊಟ್ಟಿದ್ದ ಪ್ಯಾಂಟು ಇನ್ನೂ ಮನೆಯಲ್ಲಿದ್ದರೆ ಒಗೆಯಬೇಡಿ, ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿ ಹಾಕಿ ಠಾಣೆಗೆ ಕೊಡಿ.