ಬಿಸಿಲು ಜಾಸ್ತಿಯಾದಾಗ ಎಲೆಯೊಳಗೆ ಏನಾಗುತ್ತದೆ?

ಬೆಳಕಿನಿಂದಲೇ ಗಿಡ ಆಹಾರ ಮಾಡಿಕೊಳ್ಳುತ್ತದೆ, ಹಾಗಿದ್ದಮೇಲೆ ಜಾಸ್ತಿ ಬೆಳಕು ಬಿದ್ದರೆ ಒಳ್ಳೆಯದೇ ಅಲ್ವಾ ಅಂತ ಕೇಳಿದ್ದೀರಿ. ಒಂದು ಮಿತಿಯವರೆಗೆ ಮಾತ್ರ.

ಅನೇಕ ಗಿಡಗಳ ಎಲೆಗೆ ಸುಡುಬಿಸಿಲಿನ ಅರ್ಧದಷ್ಟು ಬೆಳಕೂ ಬೇಕಿಲ್ಲ. ಅಷ್ಟರಲ್ಲೇ ಅದರ ಕೆಲಸ ಪೂರ್ತಿ ವೇಗಕ್ಕೆ ಬಂದಿರುತ್ತದೆ. ಆದರೆ ಎಲೆಯ ಹಸಿರು ವಸ್ತುವಾದ ಕ್ಲೋರೋಫಿಲ್‌ಗೆ ಸಾಕು ಅನ್ನಲು ಬರುವುದಿಲ್ಲ, ಹೀರುತ್ತಲೇ ಇರುತ್ತದೆ. ಹೀಗೆ ಉಳಿದ ಶಕ್ತಿ ಆಮ್ಲಜನಕಕ್ಕೆ ದಾಟಿದರೆ ಸಿಂಗ್ಲೆಟ್ ಆಕ್ಸಿಜನ್ ಎಂಬ ಅದರ ಅತಿ ಚುರುಕಿನ ರೂಪ ಹುಟ್ಟುತ್ತದೆ. ಅದು ಸುತ್ತಲಿನ ಪ್ರೋಟೀನು, ಕೊಬ್ಬು ಎಲ್ಲವನ್ನೂ ಹಾಳುಮಾಡುತ್ತದೆ.

ಇದನ್ನು ತಪ್ಪಿಸಲು ಕೆಲವು ಗಿಡಗಳು ಎಲೆಯನ್ನೇ ಓರೆ ಮಾಡಿಕೊಳ್ಳುತ್ತವೆ. ಕೋಶದೊಳಗೆ ಕ್ಲೋರೋಫಿಲ್ ಹೊತ್ತಿರುವ ಕ್ಲೋರೋಪ್ಲಾಸ್ಟ್‌ಗಳೂ ಪಕ್ಕದ ಗೋಡೆಗೆ ಸರಿದು ಒಂದರ ನೆರಳಲ್ಲಿ ಇನ್ನೊಂದು ನಿಲ್ಲುತ್ತವೆ.

ನನಗೆ ತುಂಬಾ ಇಷ್ಟವಾದ ಉಪಾಯ ಮಾತ್ರ ಇನ್ನೂ ಒಳಗಿದೆ. ದ್ಯುತಿಸಂಶ್ಲೇಷಣೆ ನಡೆಯುವಾಗ ಥೈಲಕಾಯ್ಡ್ ಎಂಬ ಪೊರೆಚೀಲದೊಳಗೆ ಹುಳಿ ತರುವ ಹೈಡ್ರೋಜನ್ ಕಣಗಳಾದ ಪ್ರೋಟಾನ್‌ಗಳು ಸೇರುತ್ತವೆ. ಬೆಳಕು ಅತಿಯಾದಾಗ ಅವು ಖರ್ಚಾಗುವುದಕ್ಕಿಂತ ಬೇಗ ತುಂಬಿಕೊಂಡು ಒಳಗೆಲ್ಲ ಹುಳಿಯಾಗುತ್ತದೆ. ಆ ಹುಳಿಯೇ ಎಚ್ಚರಿಕೆ! ಪಿಎಸ್‌ಬಿಎಸ್ ಎಂಬ ಪ್ರೋಟೀನ್ ತಕ್ಷಣ ಚುರುಕಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಒಂದು ಕಿಣ್ವ ವಯೋಲಾಕ್ಸಾಂಥಿನ್ ಎಂಬ ಹಳದಿ ಬಣ್ಣದ ವಸ್ತುವನ್ನು ಜಿಯಾಕ್ಸಾಂಥಿನ್ ಆಗಿ ಬದಲಿಸುತ್ತದೆ. ಆಗ ಬೇಡದ ಶಕ್ತಿ ಯಾರಿಗೂ ತೊಂದರೆ ಕೊಡದೆ ಶಾಖವಾಗಿ ಹೊರಗೆ ಹೋಗುತ್ತದೆ. ಬೆಳಕು ಅತಿಯಾಯಿತೆಂದು ಅಳೆಯಲು ಬೇರೆ ಸಾಧನವೇ ಬೇಕಿಲ್ಲ, ನೋಡಿ.

ಇಷ್ಟಾದರೂ ಪೆಟ್ಟು ಪೂರ್ತಿ ತಪ್ಪುವುದಿಲ್ಲ. ಬೆಳಕನ್ನು ಬಳಸಿಕೊಳ್ಳುವ ಪ್ರೋಟೀನ್ ಗುಂಪಾದ ಫೋಟೋಸಿಸ್ಟಮ್ 2ರಲ್ಲಿರುವ ಡಿ1 ಪ್ರೋಟೀನ್ ಪದೇಪದೇ ಕೆಡುತ್ತದೆ. ಗಿಡ ಅದನ್ನು ತೆಗೆದು ಹೊಸದನ್ನು ಹಾಕುತ್ತಲೇ ಇರುತ್ತದೆ.

ಶಕ್ತಿಯನ್ನು ಶಾಖವಾಗಿ ಹೊರಹಾಕುವ ಈ ಏರ್ಪಾಡಿನಲ್ಲಿ ಒಂದು ಕೊರತೆಯಿದೆ. ಶುರುವಾದಷ್ಟು ಬೇಗ ಇದು ನಿಲ್ಲುವುದಿಲ್ಲ. ಮೋಡ ಬಂದು ಬೆಳಕು ಕಡಿಮೆಯಾದ ಮೇಲೂ ಎಲೆ ಸ್ವಲ್ಪ ಹೊತ್ತು ಶಕ್ತಿಯನ್ನು ಸುಮ್ನೆ ಶಾಖವಾಗಿ ಚೆಲ್ಲುತ್ತಿರುತ್ತದೆ. ಒಂದರ ನೆರಳು ಇನ್ನೊಂದರ ಮೇಲೆ ಆಡುವ ಹೊಲದ ಎಲೆಗಳಲ್ಲಿ ಇದು ದಿನವಿಡೀ ನಡೆಯುತ್ತದೆ. ವಿಜ್ಞಾನಿಗಳು ತಂಬಾಕಿನ ಗಿಡಕ್ಕೆ ಮೂರು ಜೀನ್‌ಗಳನ್ನು ಸೇರಿಸಿ ಎಲೆ ಮಾಮೂಲಿ ಸ್ಥಿತಿಗೆ ಮರಳುವುದನ್ನು ಚುರುಕುಗೊಳಿಸಿದರು. 2016ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹೊಲದ ಗಿಡಗಳ ಒಣತೂಕ ಸುಮಾರು ಶೇ. 15ರಷ್ಟು ಹೆಚ್ಚಿತು. ಸೋಯಾಬೀನ್‌ನಲ್ಲೂ ಇದೇ ದಾರಿಯಲ್ಲಿ ಇಳುವರಿ ಹೆಚ್ಚಿಸಿದ್ದನ್ನು 2022ರಲ್ಲಿ ವರದಿ ಮಾಡಿದರು.