ಚಿಕ್ಕಬಳ್ಳಾಪುರದ ಹೊಸ ಮನೆಗೆ ಸೋಲಾರಾ, ಗೀಸರಾ?

ಸರ್, ನಾಲ್ಕು ಜನದ ಬಿಸಿನೀರಿಗೆ ಸೋಲಾರ್ ಹೀಟರ್ ಹಾಕಿಸಬೇಕಾ, ಗೀಸರ್ ಸಾಕಾ, ಚಳಿಗೆ ರೂಮ್ ಹೀಟರ್ ಬೇಕಾ ಅಂತ ಕೇಳಿದ್ದೀರಿ. ಚಿಕ್ಕಬಳ್ಳಾಪುರದ ಚಳಿಗೆ ರೂಮ್ ಹೀಟರ್ ದಂಡ. ಮಲಗುವ ಕೋಣೆಗೆ ದಕ್ಷಿಣಕ್ಕೊಂದು ಕಿಟಕಿ ಇಡಿಸಿ, ಚಳಿಗಾಲದ ಬಿಸಿಲು ಆ ಕಡೆಯಿಂದ ಓರೆಯಾಗಿ ಒಳಗೆ ಬೀಳುತ್ತೆ.

ಬಿಸಿನೀರಿಗೆ ಸೋಲಾರೇ ಸರಿ, 200 ಲೀಟರಿನದು. 100 ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಲು ಗೀಸರ್‌ಗೆ ಸುಮಾರು ಮೂರೂವರೆ ಯೂನಿಟ್ ಬೇಕು. ತಿಂಗಳಿಗೆ ಎಷ್ಟಾಯಿತು ನೀವೇ ನೋಡಿ.

ನಮ್ಮ ಕಡೆ ತಲೆನೋವು ಬೋರ್‌ವೆಲ್ ನೀರಿನದು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ವಾ, ಅದೇ ಫ್ಲಾಟ್ ಪ್ಲೇಟ್ ಅನ್ನೋ ಚಪ್ಪಟೆ ಫಲಕದ ಸೋಲಾರಿನ ಸಣ್ಣ ತಾಮ್ರದ ಕೊಳವೆಗಳಲ್ಲೂ ಕಟ್ಟಿ ನೀರು ಓಡದಂತೆ ಮಾಡುತ್ತೆ. ಇಂಥ ಗಡಸು ನೀರಿಗೆ ಗಾಜಿನ ಟ್ಯೂಬಿನ ಸೋಲಾರೇ ವಾಸಿ. ಟ್ಯೂಬ್ ಅಗಲ, ಕಳಚಿ ತೊಳೆಯಬಹುದು. ಹೀಟ್ ಎಕ್ಸ್‌ಚೇಂಜರ್ (ಬೋರ್ ನೀರು ಆ ಸಣ್ಣ ಕೊಳವೆಗಳಿಗೆ ಹೋಗದೆ, ಬೇರೆ ದ್ರವ ಬಿಸಿಯಾಗಿ ಅದನ್ನು ಕಾಯಿಸುವ ವ್ಯವಸ್ಥೆ) ಇರುವ ಫ್ಲಾಟ್ ಪ್ಲೇಟೂ ಆಗುತ್ತೆ, ದುಡ್ಡು ಜಾಸ್ತಿ.

ಪ್ಲ್ಯಾನ್ ಇನ್ನೂ ಕಾಗದದ ಮೇಲಿದ್ದರೆ ಬಚ್ಚಲುಮನೆಯನ್ನು ಸೋಲಾರ್ ಟ್ಯಾಂಕಿನ ಕೆಳಗೇ ತನ್ನಿ. ಪೈಪ್ ಉದ್ದ ಆದಷ್ಟೂ ದಿನಾ ಬೆಳಿಗ್ಗೆ ತಣ್ಣೀರು ಸುಮ್ನೆ ಚರಂಡಿಗೆ. ಬಿಸಿನೀರಿನ ಲೈನಿಗೆ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪ್), ಅದರ ಮೇಲೆ ಬಿಸಿ ಆರದಂತೆ ಇನ್ಸುಲೇಷನ್ ಹೊದಿಕೆ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಲಿ.

ಮೋಡದ ದಿನಕ್ಕೆ ಸೋಲಾರ್ ಟ್ಯಾಂಕಿನೊಳಗೆ ಕರೆಂಟ್ ಕಾಯಿಲ್ ಹಾಕಿಸಿದರೆ 200 ಲೀಟರೂ ಕಾಯಬೇಕು. ಅದರ ಬದಲು ಬಚ್ಚಲಲ್ಲೊಂದು ಸಣ್ಣ ಗೀಸರ್ ಇಡಿ.