ಬೀಡಿಗೆ ಯಾಕೆ ಈ ರಿಯಾಯಿತಿ?

ಪತ್ರ: ತಂಬಾಕಿನ ತೆರಿಗೆ ಏರಿದಾಗಲೆಲ್ಲ ಪತ್ರಿಕೆಗಳು ಚಪ್ಪಾಳೆ ತಟ್ಟುತ್ತವೆ. ಕಾರಿನಲ್ಲಿ ಓಡಾಡುವವನಿಗೆ ಅದು ಲೆಕ್ಕಕ್ಕೇ ಇಲ್ಲ. ನಮ್ಮ ಪಕ್ಕದ ಮನೆಯ ಗಾರೆ ಕೆಲಸದವನು ಬೆಲೆ ಏರಿತೆಂದು ಬೀಡಿ ಬಿಡಲಿಲ್ಲ, ಮಕ್ಕಳಿಗೆ ತರುತ್ತಿದ್ದ ಮೊಟ್ಟೆ ಬಿಟ್ಟ. ಇದು ಬಡವರ ಮೇಲಿನ ತೆರಿಗೆ ಅಲ್ಲವೇ?
- ಒಬ್ಬ ಓದುಗರು, ತುಮಕೂರು

ಉತ್ತರ: ಆ ಮೊಟ್ಟೆಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೀವು ಹೇಳಿದ್ದು ಸುಳ್ಳಲ್ಲ. ಚಟ ಬಿಡಲಾಗದ ಬಡವನಿಗೆ ಬೆಲೆ ಏರಿಕೆ ಬರೆಯೇ.

ಆದರೆ ಬೀಡಿ ಮೇಲೆ ತೆರಿಗೆ ಎಷ್ಟಿದೆ ನೋಡಿ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೂ ಬೀಡಿಗೂ ಶೇ 28 ಆಯಿತು. ಸಿಗರೇಟಿಗೆ ಮೇಲಿಂದ ಸೆಸ್ ಎಂಬ ಹೆಚ್ಚುವರಿ ತೆರಿಗೆ ಬಿತ್ತು, ಬೀಡಿಗೆ ಬೀಳಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟನ್ನು ಶೇ 40ಕ್ಕೆ ಏರಿಸಿ, ಬೀಡಿಯನ್ನು ಶೇ 18ಕ್ಕೆ ಇಳಿಸುವ ತೀರ್ಮಾನ ಮಾಡಿತು. ನಮ್ಮ ದೇಶದಲ್ಲಿ ಜಾಸ್ತಿ ಜನ ಸೇದುವುದು ಯಾವುದು? 2016-17ರ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಬೀಡಿ ಶೇ 7.7, ಸಿಗರೇಟು ಶೇ 4. ಬಡವರ ಹೊಗೆಗೇ ರಿಯಾಯಿತಿ!

ಕಾರಣ ಕೇಳಿದರೆ ಬೀಡಿ ಕಟ್ಟುವ ಹೆಂಗಸರನ್ನು ಮುಂದೆ ಮಾಡುತ್ತಾರೆ. ದಕ್ಷಿಣ ಕನ್ನಡದ ಮನೆ ಜಗಲಿಗಳಲ್ಲಿ ಅವರನ್ನು ನೀವೂ ನೋಡಿರುತ್ತೀರಿ. ಮಡಿಲಲ್ಲಿ ತಡ್ಪೆ (ಮೊರ), ಕತ್ತರಿಸಿದ ಎಲೆ, ಚಿಟಿಕೆ ಹೊಗೆಸೊಪ್ಪು, ಸುತ್ತಿ ದಾರ ಬಿಗಿದರೆ ಒಂದು ಬೀಡಿ. ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕ. ಸೊಪ್ಪಿನ ದೂಳು ಕುಡಿಯುವವರೂ ಅವರೇ. ಅವರಿಗೆ ಒಳ್ಳೆಯ ಕೂಲಿ, ಬೇರೆ ಕೆಲಸ ಕೊಡಬೇಕು, ಸರಿ. ಅದಕ್ಕಾಗಿ ನಿಮ್ಮ ಗಾರೆಯವನ ಎದೆಗೂಡು ಸುಡಬೇಕೇ?

ಬೆಲೆ ಏರಿದರೆ ಮೊದಲು ಕಡಿಮೆ ಮಾಡುವವರು ಬಡವರು ಮತ್ತು ಹುಡುಗರು. ಜೇಬು ಸಣ್ಣದಲ್ವಾ! ದಿನಕ್ಕೆ 20 ರೂಪಾಯಿ ಸುಡುವವನು ನಿಲ್ಲಿಸಿದರೆ ವರ್ಷಕ್ಕೆ 7,300 ಉಳಿಯುತ್ತದೆ. ನಿಲ್ಲಿಸದೆ ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು ಒಂದು ಕಡೆ, ನಿಂತುಹೋದ ದಿನಗೂಲಿ ಇನ್ನೊಂದು ಕಡೆ. ಶ್ರೀಮಂತನಿಗೆ ಈ ಎರಡನೆಯ ಹೊಡೆತವೇ ಇಲ್ಲ. ತಂಬಾಕಿನಿಂದ ದೇಶಕ್ಕಾದ ನಷ್ಟ 2017-18ರಲ್ಲಿ 1.77 ಲಕ್ಷ ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿದ್ದಾರೆ.

ಇನ್ನೊಂದು ತಮಾಷೆ. ನಮ್ಮ ರಾಜ್ಯದಲ್ಲಿ ಸಿಗರೇಟನ್ನು ಒಂದೊಂದಾಗಿ ಬಿಡಿಯಾಗಿ ಮಾರುವುದು 2017ರಿಂದ ನಿಷೇಧ. ಯಾವುದೇ ಗೂಡಂಗಡಿಗೆ ಹೋಗಿ, ದಾರಕ್ಕೆ ಕಟ್ಟಿದ ಲೈಟರ್ ನೇತಾಡುತ್ತಿರುತ್ತದೆ. ಪ್ಯಾಕಿನ ಬೆಲೆ ಎಷ್ಟೇ ಏರಲಿ, ಕಾಲೇಜು ಹುಡುಗನಿಗೆ ಕಾಣುವುದು ಒಂದು ಸಿಗರೇಟಿನ ಬೆಲೆ ಮಾತ್ರ. ಅದಕ್ಕೇ ತೆರಿಗೆಯೊಂದರಿಂದ ಕೆಲಸ ಆಗದು ಅನ್ನುವುದು.

ನಿಮ್ಮ ಗಾರೆಯವನ ವಿಷಯಕ್ಕೆ ಬರುತ್ತೇನೆ. ಬೆಲೆ ಏರಿಸುವ ಸರ್ಕಾರ ಬಿಡಿಸುವ ಹೊಣೆಯನ್ನೂ ಹೊರಬೇಕು. ಬಂದ ತೆರಿಗೆಯಲ್ಲಿ ಒಂದು ಪಾಲು ಅದಕ್ಕೇ ಮೀಸಲಿಡಲಿ ಎಂಬುದು ನನ್ನ ವಾದ. ಸದ್ಯಕ್ಕೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಕನ್ನಡದಲ್ಲೂ ಮಾತಾಡುತ್ತಾರೆ. ನಂಬರ್ ಬರೆದುಕೊಟ್ಟು ಬಿಡಬೇಡಿ. ಭಾನುವಾರ ಅವನು ಮನೆಯಲ್ಲಿದ್ದಾಗ ಜೊತೆಗೆ ಕೂತು ಒಮ್ಮೆ ನೀವೇ ಫೋನ್ ಹಚ್ಚಿಕೊಡಿ.